ಹದಿಮೂರು ಚೀಲದ ಅಕ್ಕ

ನಮ್ಮ ಬೀದಿಯಲ್ಲಿ ಅವನನ್ನು ಎಲ್ಲರೂ ಪುಕ್ಕಲಣ್ಣ ಎನ್ನುತ್ತಿದ್ದರು. ಹಳೆಯ ಕಾರುಗಳ ಚಕ್ರ ಸರಿಯಾಗಿ ನೇರ ಮಾಡುವುದು ಅವನ ಕಸುಬು. ಪಕ್ಕದ ಟೈರ್ ಅಂಗಡಿ ನನ್ನದು. ಇಪ್ಪತ್ತೆರಡು ವರ್ಷ ಅವನ ಭಯ ನೋಡಿ ನಕ್ಕವನು ನಾನು. ಬಿಗಿದ ನಟ್ಟನ್ನೇ ಮೂರು ಸಲ ಬಿಗಿಯುವನು. ಗಿರಾಕಿಯ ಕಾರು ತಿರುವು ದಾಟುವವರೆಗೆ ಉಸಿರು ಬಿಗಿಹಿಡಿದು ನಿಂತಿರುವನು.

ಹಳೆಯ ಕಾರಿನಲ್ಲಿ ಆಳು ಕೂತರೆ ಸ್ಪ್ರಿಂಗ್ ತಗ್ಗುತ್ತದೆ, ಜೊತೆಗೆ ಚಕ್ರವೂ ಚೂರು ವಾಲುತ್ತದೆ. ಖಾಲಿ ಕಾರು ರಸ್ತೆಯಲ್ಲಿ ತಾನಾಗಿ ಓಡುವುದಿಲ್ಲವಲ್ಲ! ಅದಕ್ಕೇ ಅವನು ಓಡಿಸುವವರ ತೂಕದಷ್ಟು ಮರಳು ಚೀಲಗಳನ್ನು ಸೀಟಿನ ಮೇಲಿಟ್ಟು, ಆಮೇಲೆ ಎರಡೂ ಬದಿಗೆ ದಾರ ಕಟ್ಟಿ ಅಳೆಯುತ್ತಿದ್ದ. ಒಂದೊಂದು ಚೀಲ ಐದು ಕಿಲೋ. ಯಾರಿಗೆ ಎಷ್ಟು ಎಂಬುದು ಅವನಿಗೆ ಬಾಯಿಪಾಠ. ನಾನು ಹದಿನೆಂಟು ಚೀಲ. ಅವನ ಅಕ್ಕ ಹದಿಮೂರು.

ಅಕ್ಕ ಅವನನ್ನು ಸಾಕಿ ಬೆಳೆಸಿದವಳು. ಮೂವತ್ತು ವರ್ಷ ಊರಿಗೆಲ್ಲ ಡ್ರೈವಿಂಗ್ ಕಲಿಸಿದ ಗಟ್ಟಿಗಿತ್ತಿ. ವರ್ಷಕ್ಕೊಮ್ಮೆ ಅಪ್ಪನ ಕಾಲದ ಕಾರನ್ನು ತಮ್ಮನ ಹತ್ತಿರ ತರುತ್ತಿದ್ದಳು. ಆ ದಿನವೂ ಬಂದಳು. ಸೆಕೆಯಲ್ಲೂ ಎರಡು ಸ್ವೆಟರ್ ಹಾಕಿದ್ದಳು. ನಾನು ಅದಕ್ಕೂ ತಮಾಷೆ ಮಾಡಿದೆ, ನನ್ನ ಬಾಯಿಗೆ ಬೆಂಕಿ ಬೀಳಲಿ.

ಅವನು ಹದಿಮೂರು ಚೀಲ ಇಟ್ಟು ಅಳೆದು ಸರಿಮಾಡಿದ. ಆಮೇಲೆ ಅಭ್ಯಾಸದಂತೆ ಚೀಲ ಇಳಿಸಿ, ಅಕ್ಕನನ್ನೇ ಕೂರಿಸಿ ಮತ್ತೆ ಅಳೆದ. ಚೀಲಗಳಿದ್ದಾಗಿನದಕ್ಕಿಂತ ಮುಂದಿನ ಮಡ್‌ಗಾರ್ಡ್ ಐದು ಮಿಲಿಮೀಟರ್ ಮೇಲೆದ್ದಿತ್ತು. ಟೇಪ್ ಸರಿಯಿಲ್ಲವೆಂದು ನನ್ನದನ್ನು ಕೇಳಿ ತಂದ. ಅದೂ ಅಷ್ಟೇ ತೋರಿಸಿತು. ಅಕ್ಕನನ್ನು ಇಳಿಸಿ, ಚೀಲಗಳನ್ನು ಒಂದೊಂದಾಗಿ ಏರಿಸತೊಡಗಿದ.

ಒಂಬತ್ತಕ್ಕೇ ಅಕ್ಕ ಕೂತಾಗಿನ ಅಳತೆ ಕೂಡಿಬಂತು.

ಉಳಿದ ನಾಲ್ಕು ಚೀಲ ನೆಲದ ಮೇಲಿದ್ದವು. ಅವನು ಅವನ್ನು ಮತ್ತೆ ಎಣಿಸಿದ. ನಾನೂ ಲೆಕ್ಕ ಹಾಕಿದೆ. ಒಂದು ವರ್ಷದಲ್ಲಿ ಇಪ್ಪತ್ತು ಕಿಲೋ!

"ಅಕ್ಕ, ಏನಾಗಿದೆ ನಿಂಗೆ?"

"ಏನೂ ಇಲ್ಲ. ಸಕ್ಕರೆ ಬಿಟ್ಟಿದೀನಿ. ಬೇಗ ಮುಗ್ಸು, ನಾಳೆ ಸಮುದ್ರ ನೋಡ್ಕೊಂಡು ಬರ್ತೀನಿ."

ಅವನು ಕಾರಿನಡಿ ನುಸುಳಿದ. ಚಕ್ರ ಹಿಡಿದಿಡುವ ರಾಡುಗಳ ನಟ್ಟು ಸಡಿಲಿಸಿ, ರಾಡುಗಳನ್ನೇ ಕಳಚಿ ತಂದು ಎದೆಗವಚಿಕೊಂಡು ನಿಂತ. ಕಾರು ಇನ್ನು ಅಂಗಳವನ್ನೂ ದಾಟುವಂತಿರಲಿಲ್ಲ.

"ತಲೆ ಕೆಟ್ಟಿದ್ಯೇನೋ? ಹಾಕೋ ಅದನ್ನ!"

"ಹಾಕಲ್ಲ. ಮೊದ್ಲು ಆಸ್ಪತ್ರೆಗೆ ನಡಿ."

"ನೀನು ಹುಟ್ಟು ಪುಕ್ಲ. ಎಲ್ಲದಕ್ಕೂ ಹೆದರ್ತೀಯ."

"ಹೂಂ, ಹೆದರ್ತೀನಿ. ಕೈಕಾಲು ನಡುಗ್ತಿದೆ, ನೋಡು." ರಾಡುಗಳು ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದವು.

ಅಕ್ಕ ಟೈರ್ ರಾಶಿಯ ಮೇಲೆ ಕುಸಿದು ಕೂತಳು.

"ಊಟ ಗಂಟಲಲ್ಲಿ ಇಳಿಯಲ್ಲ ಕಣೋ," ಎಂದಳು. "ಆಸ್ಪತ್ರೆ ಗೇಟ್ ತನಕ ಎರಡು ಸಲ ಹೋಗಿದ್ದೆ. ಕಾರು ನಿಲ್ಸಿದೆ. ಇಳಿಯೋಕೆ ಧೈರ್ಯ ಆಗ್ಲಿಲ್ಲ. ಹಾಗೇ ವಾಪಸ್ ಬಂದೆ."

ಲಾರಿಗೂ ದಾರಿ ಬಿಡದ ಹೆಂಗಸು ಹಾಗೆ ಹೇಳಿದ್ದನ್ನು ಕೇಳಿ ನಾನು ಕಾರಿನಡಿಯ ನಟ್ಟುಗಳನ್ನು ಹೆಕ್ಕಿ ಅವನ ಕೈಗಿಟ್ಟೆ.

ಪುಕ್ಕಲಣ್ಣ ರಾಡುಗಳನ್ನು ಮತ್ತೆ ಕೂರಿಸಿದ. ಚಾಲಕನ ಸೀಟಿಗೆ ತನ್ನ ತೂಕದ ಹನ್ನೆರಡು ಚೀಲ ಇಟ್ಟ, ಪಕ್ಕದ ಸೀಟಿಗೆ ಒಂಬತ್ತು. ದಾರ ಕಟ್ಟಿ ಅಳೆದು, ನಟ್ಟುಗಳನ್ನು ಮೂರು ಸಲ ಬಿಗಿದ. ಚೀಲಗಳನ್ನೆಲ್ಲ ಇಳಿಸಿ, ಪಕ್ಕದ ಬಾಗಿಲು ತೆರೆದು ಹಿಡಿದ.

"ನಾನು ಓಡಿಸ್ತೀನಿ, ಅಕ್ಕ. ಹತ್ತು."

"ಅಲ್ಲಿ ಹೋದ್ಮೇಲೆ ನಾನು ಇಳೀದೇ ಇದ್ರೆ?"

"ನಂಗೂ ಒಬ್ನೇ ಇಳಿಯೋಕೆ ಭಯ," ಎಂದ ಅವನು. "ನೀನು ಕೈ ಹಿಡ್ಕೊಂಡ್ರೆ ಇಳೀತೀನಿ."

ಅವಳು ಎದ್ದು ಹೋಗಿ ಕಾರು ಹತ್ತಿದಳು.