ಪರವಾಗಿಲ್ಲ ಎಂದ ಬೆನ್ನು

ನನಗೊಂದು ಕೆಟ್ಟ ಅಭ್ಯಾಸವಿದೆ. ಯಾರು ಏನು ಕೇಳಿದರೂ "ಪರವಾಗಿಲ್ಲ" ಎಂದುಬಿಡುತ್ತೇನೆ. ಊಟ ಹೇಗಿತ್ತು? ಪರವಾಗಿಲ್ಲ. ಕುವೈತಿನ ಸೆಕೆ ಹೇಗೆ? ಪರವಾಗಿಲ್ಲ. ಒಮ್ಮೆ ಹಲ್ಲಿನ ಡಾಕ್ಟರು ತಪ್ಪು ಹಲ್ಲಿಗೆ ಇಕ್ಕಳ ಹಾಕಿ ನೋಯುತ್ತದೆಯೇ ಎಂದು ಕೇಳಿದಾಗಲೂ, ಬಾಯಿ ತೆರೆದುಕೊಂಡೇ, ಪರವಾಗಿಲ್ಲ ಎಂಬರ್ಥದ ಒಂದು ಸದ್ದು ಹೊರಡಿಸಿದ್ದೆ. ಹದಿನೆಂಟು ವರ್ಷ ಗಲ್ಫಿನಲ್ಲಿ ಟೈಪಿಸ್ಟಾಗಿ ದುಡಿದವನಿಗೆ ಇದು ಅಭ್ಯಾಸಕ್ಕಿಂತ ಹೆಚ್ಚಾಗಿ ಒಂದು ಅರ್ಹತೆ. ನಾವು ಊರಿಗೆ ಬರೆಯುವ ಕಾಗದಗಳೆಲ್ಲ "ಇಲ್ಲಿ ನಾವೆಲ್ಲ ಕ್ಷೇಮ" ಎಂದೇ ಶುರುವಾಗುತ್ತವೆ, ಬರೆಯುವವನು ಆ ಹೊತ್ತಿಗೆ ಜ್ವರದಲ್ಲಿ ನಡುಗುತ್ತಿದ್ದರೂ ಸರಿಯೇ. ಈ ಒಂದು ಮಾತಿನಿಂದ ನಾನು ಒಬ್ಬ ಹುಡುಗಿಯ ಡಾಕ್ಟರಿಕೆಯನ್ನೇ ಕೆಡಿಸುವುದರಲ್ಲಿದ್ದೆ. ಆ ಕತೆಯನ್ನು ನಿಮ್ಮಲ್ಲಾದರೂ ಒಪ್ಪಿಕೊಳ್ಳಬೇಕು.

ಕುವೈತಿನ ಹವಲ್ಲಿಯ ನಮ್ಮ ಹಳೆಯ ಕಟ್ಟಡದಲ್ಲಿ ಎದುರು ಮನೆ ಲೂಸಿಬಾಯಿಯವರದು. ಮಂಗಳೂರು ಕಡೆಯವರು, ಆಸ್ಪತ್ರೆಯಲ್ಲಿ ನರ್ಸು, ಗಂಡ ತೀರಿಕೊಂಡು ವರ್ಷಗಳಾಗಿದ್ದವು. ಅವರ ಮನೆಯಲ್ಲಿ ಕೊಂಕಣಿ, ನಮ್ಮ ಮನೆಯಲ್ಲಿ ತುಳು, ನಡುವಿನ ನಾಲ್ಕಡಿ ವರಾಂಡದಲ್ಲಿ ಕನ್ನಡ. ಅವರ ಒಬ್ಬಳೇ ಮಗಳು ಐರಿನ್ ಆ ವರಾಂಡದಲ್ಲೇ ಬೆಳೆದಳು. ನಾವು ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತ ದೊಡ್ಡವಳಾದಳು. ನನಗೂ ನನ್ನ ಹೆಂಡತಿ ಸುಮತಿಗೂ ಮಕ್ಕಳಿಲ್ಲ. ಹಾಗಾಗಿ ಅವಳ ಮಾರ್ಕು ಕಾರ್ಡು ಬಂದ ದಿನ ಎರಡೂ ಮನೆಯಲ್ಲಿ ಪಾಯಸ ಆಗುತ್ತಿತ್ತು.

ಈ ಐರಿನ್ ಅಮೆರಿಕಕ್ಕೆ ಹೋಗಿ ಆಸ್ಟಿಯೋಪಥಿ ಡಾಕ್ಟರಿಕೆ ಓದತೊಡಗಿದಳು. ಹಾಗೆಂದರೇನು ಎಂದು ಕಟ್ಟಡದವರಿಗೆಲ್ಲ ತಿಳಿಸಿ ಹೇಳುವಷ್ಟರಲ್ಲಿ ಲೂಸಿಬಾಯಿಗೆ ಸಾಕುಬೇಕಾಗಿತ್ತು.

"ಮೂಳೆ ಡಾಕ್ಟ್ರಾ?" ಎಂದು ಸುಮತಿ ಕೇಳಿದಳು.

"ಅಲ್ಲ ಮಾರಾಯ್ತಿ, ಪೂರ್ತಿ ಡಾಕ್ಟ್ರು. ಮದ್ದು ಕೊಡ್ತಾರೆ, ಆಪರೇಶನ್ ಮಾಡ್ತಾರೆ, ಮತ್ತೆ ಕೈಯಲ್ಲಿ ಮುಟ್ಟಿ ಸಹ ಸರಿ ಮಾಡ್ತಾರೆ."

ಕಟ್ಟಡದವರು ಹಿಡಿದುಕೊಂಡದ್ದು ಆ ಕೊನೆಯ ಮಾತೊಂದನ್ನೇ. ಉಳುಕು ತೆಗೆಯುವವರು ಊರಲ್ಲೇ ಇರುವಾಗ, ಎಣ್ಣೆ ತಿಕ್ಕುವುದನ್ನು ಕಲಿಯಲು ಅಷ್ಟು ದೂರ ಯಾಕೆ ಹೋಗಬೇಕು ಎಂಬುದು ಕೆಳಗಿನ ಮನೆಯವರ ತಕರಾರು. ಪಾಪ, ಅಮೆರಿಕದಲ್ಲೂ ಅವಳ ಪಾಡು ಬೇರೆಯಿರಲಿಲ್ಲವಂತೆ. ಹೆಸರಿನ ಮುಂದೆ ಬರುವ ಡಿಗ್ರಿಯ ಎರಡಕ್ಷರ ಉಳಿದ ಡಾಕ್ಟರುಗಳದ್ದಕ್ಕಿಂತ ಬೇರೆ. ಆದ್ದರಿಂದ ಅವಳು ತನ್ನವರ ಲೈಸೆನ್ಸ್ ಪರೀಕ್ಷೆಯನ್ನೂ ಬರೆಯಬೇಕು, ಯಾವ ಆಸ್ಪತ್ರೆಯೂ ಬಾಗಿಲು ಹಾಕಿಕೊಳ್ಳದಿರಲಿ ಎಂದು ಉಳಿದವರ ಪರೀಕ್ಷೆಯನ್ನೂ ಬರೆಯಬೇಕು. ಹೊಟ್ಟೆನೋವು ಒಂದೇ, ಅದನ್ನು ಎರಡೆರಡು ಸಲ ಪಾಸು ಮಾಡಬೇಕು. ಅದಾದ ಮೇಲೆ ರೆಸಿಡೆನ್ಸಿ, ಅಂದರೆ ಆಸ್ಪತ್ರೆಯಲ್ಲಿ ಇನ್ನಷ್ಟು ವರ್ಷಗಳ ತರಬೇತಿ. ಅದಕ್ಕೆ ಒಂದೊಂದು ಆಸ್ಪತ್ರೆಗೂ ಒಂದೊಂದು ಅರ್ಜಿ, ಜೊತೆಗೆ ನಾನೇಕೆ ಡಾಕ್ಟರಾಗಬೇಕು ಎಂಬ ಪ್ರಬಂಧ. ಇದಕ್ಕೆಲ್ಲ ಮೊದಲು ಕಾಲೇಜಿನವರ ಪ್ರಾಯೋಗಿಕ ಪರೀಕ್ಷೆ. ಗುರುತಿಲ್ಲದ ಒಬ್ಬರ ಬೆನ್ನ ಮೇಲೆ ಕೈಯಿಟ್ಟು, ತೊಂದರೆ ಎಲ್ಲಿದೆ ಎಂದು ಪರೀಕ್ಷಕರಿಗೆ ಹೇಳಬೇಕು.

ಅವಳು ತೊಂಬತ್ತರ ಜುಲೈಯಲ್ಲಿ ಒಂದು ತಿಂಗಳ ರಜೆಯಲ್ಲಿ ಬಂದಾಗ ಅಭ್ಯಾಸಕ್ಕೆ ಬೆನ್ನುಗಳು ಬೇಕಾಗಿದ್ದವು. ಮೊದಲ ಬೆನ್ನು ನನ್ನದು. ಟೈಪಿಸ್ಟನ ಬೆನ್ನು ಹೇಗಿರುತ್ತದೆಂದು ನಿಮಗೆ ಗೊತ್ತಲ್ಲ. ಅಹ್ಮದಿಯ ಎಣ್ಣೆ ಕಂಪನಿಯ ಆಫೀಸಿನಲ್ಲಿ ನನ್ನ ಕುರ್ಚಿ ಎಷ್ಟು ಬಾಗಿತ್ತೋ ನಾನೂ ಅಷ್ಟೇ ಬಾಗಿದ್ದೆ. ಐರಿನ್ ಊಟದ ಮೇಜಿನ ಮೇಲೆ ಕಂಬಳಿ ಹಾಸಿ ನನ್ನನ್ನು ಬೋರಲು ಮಲಗಿಸಿದಳು. ಬೆರಳುಗಳು ಮೆಲ್ಲಗೆ ಬೆನ್ನುಮೂಳೆಯ ಒಂದೊಂದೇ ಮಣಿಯನ್ನು ವಿಚಾರಿಸುತ್ತ ಇಳಿದವು, ಎಡಗಡೆ ಕೆಳಗೆ ಒಂದು ಕಡೆ ನಿಂತವು. ಅಲ್ಲಿ ಒತ್ತಿದಳು, ತಿರುಗಿಸಿದಳು, ಉಸಿರು ಬಿಡಲು ಹೇಳಿದಳು.

"ಹೇಗಿದೆ ಅಂಕಲ್, ಎನಿ ಬೆಟರ್?"

ನೋವು ಇದ್ದಲ್ಲೇ ಇತ್ತು. ಕತ್ತು ಹೊರಳಿಸಿ ಅವಳ ಮುಖ ನೋಡಿದೆ. ಎರಡು ಜಡೆ ಹಾಕಿಕೊಂಡು ಮಾರ್ಕು ಕಾರ್ಡು ತೋರಿಸಲು ಬರುತ್ತಿದ್ದಾಗಿನ ಅದೇ ಮುಖ. "ಪರವಾಗಿಲ್ಲ, ಅರ್ಧಕ್ಕರ್ಧ ಕಮ್ಮಿ ಉಂಟು" ಎಂದೆ. ಆ ಮುಖ ಅರಳಿದ್ದನ್ನು ನೀವು ನೋಡಿದ್ದರೆ ಮುಕ್ಕಾಲು ಕಮ್ಮಿ ಎನ್ನುತ್ತಿದ್ದಿರಿ. ಮೂರನೆಯ ಸಲಕ್ಕೆ ನಾನು ಪೂರ್ತಿ ಗುಣವಾದೆ.

ಇದರಲ್ಲಿ ನಾನೊಬ್ಬನೇ ಅಪರಾಧಿಯಲ್ಲ. ಕೆಳಗಿನ ಮನೆಯವರ ಸೊಂಟ, ಮೇಲಿನ ಮನೆಯವರ ಭುಜ, ಎಲ್ಲವೂ ಐರಿನ್ ಕೈ ಇಟ್ಟ ಕೂಡಲೇ ವಾಸಿಯಾದವು. ಮನೆಯ ಹುಡುಗಿ ಮೊದಲ ಸಲ ದೋಸೆ ಹೊಯ್ದರೆ, ಅದು ಕಾವಲಿಗೆ ಅಂಟಿದ್ದರೂ ಕೆರೆದು ತಿಂದು ಲಾಯ್ಕಾಗಿದೆ ಎನ್ನುವ ಜನ ನಾವು. ಅದನ್ನು ನಾವು ಸುಳ್ಳು ಎಂದು ಯಾವತ್ತೂ ಕರೆದದ್ದಿಲ್ಲ. ಆದರೆ ದೋಸೆ ಹೊಯ್ಯಲು ಯಾರೂ ಲೈಸೆನ್ಸ್ ಕೊಡುವುದಿಲ್ಲ ಎಂಬುದು ನಮ್ಮ ತಲೆಗೆ ಹೊಳೆಯಲಿಲ್ಲ.

ಅರ್ಜಿಗಳನ್ನು ಟೈಪ್ ಮಾಡುವ ಕೆಲಸ ಸಹಜವಾಗಿ ನನ್ನ ಪಾಲಿಗೆ ಬಂತು. ಹದಿನಾಲ್ಕು ಆಸ್ಪತ್ರೆ, ಹದಿನಾಲ್ಕು ಪ್ರಬಂಧ. ಒಂದೊಂದನ್ನೂ ಬೇರೆಯಾಗಿಯೇ ಹೊಡೆಯಬೇಕು, ನಕಲು ಪ್ರತಿ ಹೋದರೆ ಮರ್ಯಾದೆಯಲ್ಲ ಎಂಬುದು ನನ್ನದೇ ಅಭಿಪ್ರಾಯ. ಮಧ್ಯಾಹ್ನ ಡ್ಯೂಟಿ ಮುಗಿದ ಮೇಲೆ ಆಫೀಸಿನಲ್ಲೇ ಕುಳಿತೆ. ಎರಡನೆಯ ಪ್ಯಾರಾಕ್ಕೆ ಬಂದಾಗ ಬೆರಳು ನಿಂತಿತು. ನನ್ನ ಮೊದಲ ರೋಗಿ ಐವತ್ತು ವರ್ಷದ ಒಬ್ಬ ಟೈಪಿಸ್ಟ್, ಮೂರೇ ಸಲಕ್ಕೆ ಅವರ ನೋವು ಪೂರ್ತಿ ಹೋಯಿತು, ನನ್ನ ಕೈಗಳ ಮೇಲೆ ನನಗೆ ನಂಬಿಕೆ ಬಂದದ್ದು ಅಂದಿನಿಂದ ಎಂದು ಅವಳು ಬರೆದಿದ್ದಳು. ನಾನು ಸುತ್ತಮುತ್ತ ನೋಡಿದೆ. ಯಾರೂ ಇರಲಿಲ್ಲ. ಟೈಪ್ ಮಾಡಿದೆ. ಹೀಗೆ ನನ್ನ ಬೆನ್ನಿನ ಬಗ್ಗೆ ಒಂದೇ ಸುಳ್ಳನ್ನು ಹದಿನಾಲ್ಕು ಸಲ, ಒಂದಕ್ಷರ ತಪ್ಪದೆ, ಆ ಬೆನ್ನನ್ನೇ ಬಗ್ಗಿಸಿ ಹೊಡೆದು ಮುಗಿಸಿದೆ. ಕೊನೆಗೆ ಏಳುವಾಗ ಮೇಜು ಹಿಡಿದುಕೊಳ್ಳಬೇಕಾಯಿತು.

ಸಿಕ್ಕಿಬಿದ್ದದ್ದು ಆಗಸ್ಟ್ ಒಂದನೆಯ ತಾರೀಕಿನ ಸಂಜೆ. ನಾನು ಚಾಪೆಯ ಮೇಲೆ ಬೋರಲಾಗಿದ್ದೆ. ಸುಮತಿ ಹುರಿದ ಉಪ್ಪನ್ನು ಬಟ್ಟೆಯಲ್ಲಿ ಕಟ್ಟಿ ಸೊಂಟಕ್ಕೆ ಶಾಖ ಕೊಡುತ್ತಿದ್ದಳು. ಮರುದಿನ ಪೋಸ್ಟ್ ಮಾಡಲೆಂದು ಕವರುಗಳನ್ನು ಒಯ್ಯಲು ಬಂದ ಐರಿನ್ ಬಾಗಿಲಲ್ಲಿ ನಿಂತುಬಿಟ್ಟಳು.

"ಇದು ಎಂತ?"

"ಶಾಖ ಮಗಾ. ದಿನಾ ಕೊಡುದಲ್ಲಾ" ಎಂದಳು ಸುಮತಿ. ಅವಳಿಗೆ ಒಳಗಿನ ವಿಷಯವೇನೂ ಗೊತ್ತಿರಲಿಲ್ಲ.

ಐರಿನ್ ನನ್ನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತಳು. ಸಿಟ್ಟು ಬಂದಾಗ ಅವಳ ಬಾಯಿಂದ ಕನ್ನಡ ಬರುತ್ತದೆಂದು ನನಗೆ ಅಂದೇ ಗೊತ್ತಾದದ್ದು. "ನನ್ನ ಕೈಗೆ ಗೊತ್ತಾಗ್ತಿತ್ತು ಅಂಕಲ್. ಮೂರು ಸಲ ಸಹ ಇಲ್ಲಿ ಬಿಗಿ ಉಂಟು, ಹೋಗ್ಲಿಲ್ಲ ಅಂತ ಕೈ ಹೇಳ್ತಿತ್ತು. ನೀವು ಹೋಯ್ತು ಅಂದ್ರಿ. ನಾನು ಕೈಯನ್ನು ಬಿಟ್ಟು ನಿಮ್ಮನ್ನು ನಂಬಿದೆ. ಇನ್ನು ಪರೀಕ್ಷೆಯಲ್ಲಿ ನಾನು ಯಾರ ಮಾತು ಕೇಳುದು?"

ನನಗೆ ಅಷ್ಟು ನಾಚಿಕೆ ಜೀವಮಾನದಲ್ಲಿ ಆದದ್ದಿಲ್ಲ. ಪರವಾಗಿಲ್ಲ ಎನ್ನಲು ಬಾಯಿ ತೆರೆದು ಮುಚ್ಚಿಕೊಂಡೆ. ಅವಳು ಕವರುಗಳನ್ನು ತೆಗೆದುಕೊಂಡು, ಪುನಃ ಬರೆಯುತ್ತೇನೆ, ಇದನ್ನು ಕಳಿಸುವುದಿಲ್ಲ ಎಂದು ಹೇಳಿ ಎದುರು ಮನೆಗೆ ಹೋದಳು.

ಮರುದಿನ ಕಳಿಸುತ್ತೇನೆ ಎಂದಿದ್ದರೂ ಆಗುತ್ತಿರಲಿಲ್ಲ. ಬೆಳಗಾಗುವಷ್ಟರಲ್ಲಿ ರಸ್ತೆಯಲ್ಲಿ ಇರಾಕಿನ ಟ್ಯಾಂಕುಗಳಿದ್ದವು. ಪೋಸ್ಟಿಲ್ಲ, ಫೋನಿಲ್ಲ, ವಿಮಾನವಿಲ್ಲ. ಅಮೆರಿಕದಲ್ಲಿ ಅವಳ ಕೊನೆಯ ವರ್ಷದ ತರಗತಿ ಅವಳಿಲ್ಲದೆ ಶುರುವಾಯಿತು. ಲೂಸಿಬಾಯಿ ತಾರೀಕು ಕಾಣದಂತೆ ಗೋಡೆಯ ಕ್ಯಾಲೆಂಡರನ್ನು ತಿರುಗಿಸಿ ನೇತುಹಾಕಿದರು. ಐರಿನ್ ಮಾತ್ರ ಮೇಜಿನ ಮೇಲೆ ಮತ್ತೆ ಕಂಬಳಿ ಹಾಸಿದಳು. ಈ ಸಲ ಒಂದು ಕಾನೂನು ಇತ್ತು. ಪರವಾಗಿಲ್ಲ ಎಂದವರಿಗೆ ಚಿಕಿತ್ಸೆ ಇಲ್ಲ. ರೊಟ್ಟಿಯ ಸಾಲಿನಲ್ಲಿ ನಿಂತು, ನೀರು ಹೊತ್ತು ಬಂದ ಜನಕ್ಕೆ ಆ ಕಾನೂನು ಪಾಲಿಸುವುದು ಕಷ್ಟವೇನೂ ಆಗಲಿಲ್ಲ.

ಸೆಪ್ಟೆಂಬರಿನಲ್ಲಿ ನಾವು ನಾಲ್ವರೂ ಬಸ್ಸು ಹತ್ತಿ, ಇರಾಕನ್ನು ಹಾದು, ಜೋರ್ಡಾನಿನ ಗಡಿಯ ಡೇರೆಗಳನ್ನು ಸೇರಿದೆವು. ದಿನಗಟ್ಟಲೆ ಬಸ್ಸಿನಲ್ಲಿ ಕುಳಿತು ಬಂದವರ ಬೆನ್ನುಗಳು ಅಲ್ಲಿ ಸಾಲಾಗಿ ಕಾದಿದ್ದವು. ಕುವೈತಿನ ಸಬ್ಹಾನ್ ಕಡೆಯ ಗೋದಾಮಿನಲ್ಲಿ ಕೆಲಸಕ್ಕಿದ್ದ, ಬೆಟ್ಟದಂಥ ಒಬ್ಬ ಆಳು ಬಂದು ಕುಳಿತ. ಐರಿನ್ ಅವನ ಬೆನ್ನಿಗೆ ಅಂಗೈ ಇಟ್ಟಳಷ್ಟೇ, ಒತ್ತಲೂ ಇಲ್ಲ. ಅವನು ಅಳತೊಡಗಿದ. ಅವಳು ಕೈ ತೆಗೆಯಲಿಲ್ಲ. ಎಲ್ಲಿ ನೋಯುತ್ತದೆ ಎಂದು ಕೇಳಲೂ ಇಲ್ಲ. ಅದನ್ನು ನೋಡಿದಾಗ ನನ್ನ ಕಣ್ಣಲ್ಲೂ ನೀರು ಬಂತು. ಈ ಹುಡುಗಿ ಡಾಕ್ಟರಾಗಲೇಬೇಕು ದೇವರೇ, ಎಂದು ನಾನು ಮನಸಾರೆ ಬೇಡಿಕೊಂಡದ್ದು ಆ ಮರಳಿನಲ್ಲಿ ನಿಂತು.

ಆಮೇಲೆ ಮುಂಬಯಿ, ಅಲ್ಲಿಂದ ಅವಳು ಅಮೆರಿಕಕ್ಕೆ, ನಾವು ಊರಿಗೆ. ಕುವೈತ್ ಬಿಡುಗಡೆಯಾಗಿ ಕೆಲವು ತಿಂಗಳಾದ ಮೇಲೆ ಕಂಪನಿ ನನ್ನನ್ನು ವಾಪಸು ಕರೆಸಿತು. ಒಬ್ಬನೇ ಬಂದೆ. ಇರಾಕಿನವರು ಬೆಂಕಿ ಹಚ್ಚಿಹೋದ ಎಣ್ಣೆಬಾವಿಗಳು ಇನ್ನೂ ಉರಿಯುತ್ತಿದ್ದವು. ಅಹ್ಮದಿಯಲ್ಲಿ ಮಧ್ಯಾಹ್ನವೇ ದೀಪ ಹಾಕಬೇಕು, ಬಿಳಿ ಅಂಗಿ ಒಗೆದು ಹರವಿದರೆ ಬೂದು ಅಂಗಿ ತೆಗೆಯಬೇಕು. ಯಾರಾದರೂ ಹೇಗಿದ್ದೀರಿ ಎಂದರೆ, ಕೆಮ್ಮಿ, ಪರವಾಗಿಲ್ಲ ಎನ್ನುತ್ತಿದ್ದೆ.

ಮೊನ್ನೆ ಐರಿನಳ ಕಾಗದ ಬಂತು. ತಡವಾಗಿ ಸೇರಿದರೂ ಕಾಲೇಜಿನವರು ದಾರಿ ಮಾಡಿಕೊಟ್ಟರಂತೆ. ಪ್ರಾಯೋಗಿಕ ಪರೀಕ್ಷೆಯಲ್ಲಿ ಅವಳಿಗೆ ಸಿಕ್ಕಿದ್ದು ಒಬ್ಬ ಮುದುಕಿ. ಕೈಯಿಟ್ಟ ಕೂಡಲೇ ಆಕೆ, ನನಗೇನೂ ತೊಂದರೆ ಇಲ್ಲ ಕಂದ ಎಂದಳಂತೆ. ಐರಿನ್ ಪರೀಕ್ಷಕರ ಕಡೆ ತಿರುಗಿ, ಇವರು ಇಲ್ಲ ಎನ್ನುತ್ತಿದ್ದಾರೆ, ನನ್ನ ಕೈ ಇದೆ ಎನ್ನುತ್ತಿದೆ, ನಾನು ಕೈಯನ್ನು ನಂಬುತ್ತೇನೆ ಎಂದಳು. ಮುದುಕಿ ನಕ್ಕು, ಮಗುವಿಗೆ ಯಾಕೆ ತೊಂದರೆ ಅಂತ ಸುಮ್ಮನಿದ್ದೆ ಎಂದು ಒಪ್ಪಿಕೊಂಡಳು. "ಅಂಕಲ್, ಇಲ್ಲಿಯೂ ನಿಮ್ಮವರು ಇದ್ದಾರೆ" ಎಂದು ಬರೆದಿದ್ದಾಳೆ. ಎರಡೂ ಲೈಸೆನ್ಸ್ ಪರೀಕ್ಷೆ ಪಾಸಾಯಿತು. ಹದಿನಾಲ್ಕರಲ್ಲಿ ಹದಿಮೂರು ಆಸ್ಪತ್ರೆ ಬೇಡ ಎಂದವು, ಹಿಮ ಬೀಳುವ ಊರಿನ ಒಂದು ಸಣ್ಣ ಆಸ್ಪತ್ರೆ ಕರೆಯಿತು. ಸಂದರ್ಶನದಲ್ಲಿ ಅವರು ಕೇಳಿದ್ದೆಲ್ಲ ಅವಳ ಹೊಸ ಪ್ರಬಂಧದ ಮೊದಲ ವಾಕ್ಯದ ಬಗ್ಗೆಯೇ. ನನ್ನ ಮೊದಲ ರೋಗಿಗೆ ಗುಣವಾಗಲಿಲ್ಲ ಎಂದು ಅದು ಶುರುವಾಗುತ್ತಿತ್ತು.

ಕಾಗದದ ಕೊನೆಯಲ್ಲಿ ಒಂದೇ ಪ್ರಶ್ನೆ. "ಬೆನ್ನು ಹೇಗಿದೆ? ಇದು ನಿಮ್ಮ ಪರೀಕ್ಷೆ."

ಉತ್ತರ ಬರೆಯಲು ಟೈಪ್‌ರೈಟರಿಗೆ ಹಾಳೆ ಸೇರಿಸಿದೆ. ಬೆರಳುಗಳು ತಮ್ಮಷ್ಟಕ್ಕೆ, ಇಲ್ಲಿ ಎಲ್ಲವೂ ಕ್ಷೇಮ ಎಂದು ಹೊಡೆದುಬಿಟ್ಟಿದ್ದವು. ಹಾಳೆ ಎಳೆದು ಬಿಸಾಡಿ ಪೆನ್ನು ತೆಗೆದುಕೊಂಡೆ. ಕನ್ನಡದಲ್ಲೇ ಬರೆದೆ, ಓದಿ ಹೇಳಲು ಅವಳು ಯಾರನ್ನಾದರೂ ಹುಡುಕಿಕೊಳ್ಳಲಿ. "ನೋಯುತ್ತದೆ ಮಗಾ. ಎಡಗಡೆ ಕೆಳಗೆ, ನಿನ್ನ ಕೈ ನಿಂತಿತ್ತಲ್ಲ, ಅಲ್ಲೇ. ಹೊಗೆಗೆ ಉಸಿರು ಕಟ್ಟುತ್ತದೆ. ಸುಮತಿ ಊರಲ್ಲಿದ್ದಾಳೆ, ಅನ್ನ ಮಾಡಿಕೊಂಡು ಒಬ್ಬನೇ ಉಣ್ಣುವುದು ಕಷ್ಟ. ನಿನ್ನ ಅಮ್ಮ ಇನ್ನು ಬರುವುದಿಲ್ಲವಂತೆ. ಎದುರು ಮನೆಗೆ ಬೀಗ ಬಿದ್ದಿದೆ. ಅದೂ ನೋಯುತ್ತದೆ."

ಸಹಿ ಹಾಕಿ ಎದ್ದೆ. ಮೇಜು ಹಿಡಿದುಕೊಳ್ಳದೆ ಎದ್ದೆನೆಂಬುದು ಬಾಗಿಲವರೆಗೆ ಹೋದ ಮೇಲೆ ಹೊಳೆಯಿತು. ಬೆನ್ನು ನಿಜವಾಗಿಯೂ ಪರವಾಗಿಲ್ಲ ಅನ್ನಿಸಿತು. ಒಂದು ಸಾಲು ಸೇರಿಸೋಣವೆಂದು ತಿರುಗಿ ಬಂದವನು ಸುಮ್ಮನೆ ಕವರು ಅಂಟಿಸಿದೆ. ಬರೆದರೆ ಅವಳು ನಂಬುವುದಿಲ್ಲ.