ಜೀಪು ದಾಟದ ಹಳ್ಳ

ಮಾನ್ವಿಯಲ್ಲಿ ಪಿಯುಸಿ ಮುಗಿಸಿ, ಶಿಕ್ಷಕರ ತರಬೇತಿಗೆ ಅರ್ಜಿ ಹಾಕಿ ಮನೆಯಲ್ಲಿ ಕೂತಿದ್ದ ವರ್ಷ ಅದು. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ದೇವದುರ್ಗ ತಾಲ್ಲೂಕಿನ ನಮ್ಮೂರ ಚಾವಡಿ ಗೋಡೆಗೆ ಫೆಬ್ರುವರಿಯಲ್ಲಿ ಒಂದು ನೋಟೀಸು ಅಂಟಿಸಿದರು. ಗುಡ್ಡದಲ್ಲಿ ಕಲ್ಲಿನ ಕ್ವಾರಿ ಬರುತ್ತದೆ, ತೆಗೆದ ಮಣ್ಣನ್ನೂ ಒಡೆದ ಚೂರನ್ನೂ ‘ಗುಡ್ಡದ ಕೆಳಗಿನ ಬಂಜರು ತಗ್ಗಿಗೆ’ ಸುರಿಯಲಾಗುತ್ತದೆ, ತಕರಾರಿದ್ದವರು ಮೂವತ್ತು ದಿನದೊಳಗೆ ಬರೆದು ಕೊಡಬೇಕು.

ಆ ಬಂಜರು ತಗ್ಗು ಎಂದರೆ ನಮ್ಮ ಹಳ್ಳ. ಮಳೆ ಬಿದ್ದರೆ ಗುಡ್ಡದ ನೀರೆಲ್ಲ ಅದರಲ್ಲೇ ಇಳಿದು, ನಮ್ಮ ಕೇರಿಯ ಬದಿಗೆ ಹಾದು, ಊರಿಗೆ ಬರುವ ದಾರಿಯನ್ನು ಅಡ್ಡ ದಾಟಿ ಕೃಷ್ಣೆಯತ್ತ ಹೋಗುತ್ತಿತ್ತು. ಕೇರಿಯ ಕೊನೆಯ ಮನೆ ನಮ್ಮದು, ಬಾಗಿಲಿಗೆ ನಾಲ್ಕು ಮೆಟ್ಟಿಲು. ಎರಡು ಮಳೆಗಾಲದಿಂದ ನಾನು ನೋಟಬುಕ್ಕಿನಲ್ಲಿ ದಿನ, ಹೊತ್ತು, ಮೆಟ್ಟಿಲು ಬರೆದಿಟ್ಟಿದ್ದೆ. ಹಳ್ಳ ಬಂದದ್ದು ಹನ್ನೊಂದು ಸಲ. ಎರಡನೇ ಮೆಟ್ಟಿಲ ತನಕ ಆರು, ಮೂರನೆಯದಕ್ಕೆ ನಾಲ್ಕು, ನಾಲ್ಕನೆಯದಕ್ಕೆ ಒಂದು. ತಗ್ಗು ತುಂಬಿಸಿದರೆ ನೀರು ಇನ್ನೂ ಮೇಲೆ ಬರಲೇಬೇಕು. ಐದನೆಯ ಮೆಟ್ಟಿಲು ನಮಗಿರಲಿಲ್ಲ. ಅಲ್ಲಿ ಮಣ್ಣಿನ ಗೋಡೆ, ಒಲೆ, ಅವ್ವ.

ಹನ್ನೆರಡನೆಯ ದಿನವೇ ತಕರಾರು ಬರೆದು ಕೊಟ್ಟೆ. ಜಾಗ ನೋಡುವ ಮೌಕಾ ತನಿಖೆಗೆ ತಾಲ್ಲೂಕು ಕಚೇರಿಯವರು ಬಂದದ್ದು ಏಪ್ರಿಲ್‌ನಲ್ಲಿ. ಜೀಪು ಹಳ್ಳದ ಉಸುಕಿನ ನಟ್ಟನಡುವೆ ನಿಂತಿತು. ಸಾಹೇಬರು ಇಳಿದು ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡರು.

“ನೀರ ಎಲ್ಲಿ ಅದವಾ?”

“ಬ್ಯಾಸಗ್ಯಾಗ ಎಲ್ಲಿಂದ ಬರಬೇಕ್ರಿ ಯಪ್ಪಾ?” ಅಂದಳು ಅವ್ವ. “ಮಳಿಗಾಲದಾಗ ಬರ್ರಿ, ನಾವು ಕರಿಯೂದ ಬ್ಯಾಡ, ಅದ ಬಂದು ಮಾತಾಡಸ್ತದ.”

ನಾನು ನೋಟಬುಕ್ಕು ಮುಂದೆ ಹಿಡಿದೆ. ಜೊತೆಗಿದ್ದ ಗುಮಾಸ್ತ ಎರಡು ಹಾಳೆ ತಿರುವಿ ವಾಪಸು ಕೊಟ್ಟ. “ಅಕ್ಷರ ಚಂದ ಅದಾವು ತಂಗಿ. ಆದ್ರ ಹುಡುಗಿ ಬರದದ್ದು ದಾಖಲಿ ಆಗೂದಿಲ್ಲ.” ಪಂಚನಾಮೆಯಲ್ಲಿ ‘ಬಂಜರು ತಗ್ಗು, ನೀರಿನ ಹರಿವು ಇಲ್ಲ’ ಎಂದು ಬರೆದರು. ಆ ದಿನದ ಮಟ್ಟಿಗೆ ಅದು ಸುಳ್ಳೂ ಅಲ್ಲ, ಅದೇ ನನಗೆ ಸಿಟ್ಟು ತರಿಸಿದ್ದು.

ಮಳೆಗಾಲದಲ್ಲಿ ಮತ್ತೊಮ್ಮೆ ನೋಡಿರೆಂದು ಇನ್ನೊಂದು ಅರ್ಜಿ ಕೊಟ್ಟೆ. ಒಪ್ಪಿದರು. ಜೂನ್‌ನಲ್ಲಿ ಒಂದು ದಿನ ಗೊತ್ತು ಮಾಡಿದರು, ಬರಲಿಲ್ಲ. ಜುಲೈನಲ್ಲಿ ಇನ್ನೊಂದು, ಬರಲಿಲ್ಲ. ದೇವದುರ್ಗಕ್ಕೆ ನಾನು ಹೋದದ್ದು ನಾಲ್ಕು ಸಲ. ಸಾಹೇಬರು ಮೀಟಿಂಗಿನಲ್ಲಿದ್ದದ್ದು ಎರಡು ಸಲ, ರಾಯಚೂರಿಗೆ ಹೋಗಿದ್ದದ್ದು ಒಂದು ಸಲ. ಇನ್ನೊಂದು ಸಲ ಸಾಹೇಬರಿದ್ದರು, ಫೈಲು ಇರಲಿಲ್ಲ. ಅಷ್ಟರಲ್ಲಿ ಹಳ್ಳ ಮೂರು ಸಲ ಬಂದು ಹೋಗಿತ್ತು.

ಆಗಸ್ಟ್‌ನಲ್ಲಿ ಕಚೇರಿಯಿಂದ ಪತ್ರ ಬಂತು. ‘ಗ್ರಾಮದ ಹಳ್ಳ ತುಂಬಿ ಹರಿಯುತ್ತಿದ್ದು ಜೀಪು ದಾಟಲು ಸಾಧ್ಯವಾಗದ ಕಾರಣ ಮೌಕಾ ತನಿಖೆಯನ್ನು ಬರುವ ಮಾರ್ಚ್ ತಿಂಗಳಿಗೆ ಮುಂದೂಡಲಾಗಿದೆ.’ ಮೂರು ಸಲ ಓದಿದೆ. ಅವ್ವನಿಗೂ ಓದಿ ಹೇಳಿದೆ. ಅವಳು ರೊಟ್ಟಿ ತಟ್ಟುವುದನ್ನು ನಿಲ್ಲಿಸಿ, “ಮತ್ತೇನು ಬೇಕಂತ ಅವರಿಗೆ?” ಅಂದಳು.

ನೀರು ಇಳಿದ ಮರುದಿನ ಐದನೇ ಸಲ ಹೋದೆ. ಗುಮಾಸ್ತನ ಮೇಜಿನ ಮುಂದೆ ಏಳೆಂಟು ಜನ ನಿಂತಿದ್ದರು. ಪತ್ರವನ್ನು ಅವನ ಮುಂದಿಟ್ಟೆ.

“ಇದು ಬರೇ ಮುಂದೂಡಿದ ಪತ್ರನವಾ, ವರದಿ ಅಲ್ಲ.”

“ಹಳ್ಳ ತುಂಬಿ ಹರಿಯಾಕತ್ತದ ಅಂತ ಬರದೀರಲ್ರಿ. ಯಾವ ಹಳ್ಳರಿ ಅದು?”

“ನಿಮ್ಮೂರಿಂದು.”

“ಪಂಚನಾಮೆದಾಗ ನಮ್ಮೂರಿಗೆ ಹಳ್ಳನ ಇಲ್ಲ.”

ಹಿಂದೆ ನಿಂತಿದ್ದ ಮುದುಕನೊಬ್ಬ ನಕ್ಕ. “ಹುಡುಗಿ ಬರದದ್ದಲ್ಲಪಾ, ನೀನ ಬರದೀದಿ,” ಅಂದ. ಗುಮಾಸ್ತ ಮುಖ ಗಂಟು ಹಾಕಿಕೊಂಡು ಪತ್ರವನ್ನು ಸಾಹೇಬರ ಕೋಣೆಗೆ ಒಯ್ದ. ಬಾಗಿಲು ತೆರೆದೇ ಇತ್ತು.

“ಯಾರು ಬರದದ್ದು ಇದನ್ನ?”

“ನಾನರಿ.”

“ಸಹಿ?”

“ನಿಮ್ದರಿ ಸಾಹೇಬ್ರ.”

ಸಾಹೇಬರು ಫೈಲು ತರಿಸಿದರು. ಈ ಸಲ ಫೈಲು ಸಿಕ್ಕಿತು.

ನವೆಂಬರ್‌ನಲ್ಲಿ ಆದೇಶವಾಯಿತು. ಕ್ವಾರಿಗೆ ಅನುಮತಿ ಇದೆ, ಆದರೆ ಕಲ್ಲುಮಣ್ಣನ್ನು ‘ಹಳ್ಳದಿಂದ ಸಾಕಷ್ಟು ದೂರ’ ಸುರಿಯಬೇಕು. ಎಷ್ಟು ದೂರವೆಂದು ಬರೆದಿರಲಿಲ್ಲ. ಇಷ್ಟು ತಿಂಗಳು ಅಲೆಸಿದವರಿಗೆ ಒಂದು ಅಂಕಿ ಬರೆಯಲು ಆಗಲಿಲ್ಲ.

ಕ್ವಾರಿ ಗುತ್ತೇದಾರರ ಮುನ್ಷಿ ಗಡಿ ಗುರುತು ಹಾಕಲು ಸುಣ್ಣದ ಚೀಲ ಹೊತ್ತು ನಮ್ಮ ಮನೆಗೇ ಬಂದ. “ಎಲ್ಲಿ ತನಕ ಬಿಡಬೇಕು ನೀವ ಹೇಳ್ರಿ, ಆಮ್ಯಾಲ ಮತ್ತ ಅರ್ಜಿ ಬರೀಬ್ಯಾಡ್ರಿ.” ದಂಡೆಯಿಂದ ನಡೆಯತೊಡಗಿದೆವು. ಐವತ್ತು ಹೆಜ್ಜೆಗೆ ಅವನು ನಿಂತ.

“ಇಲ್ಲಿಗೆ ಸಾಕೇನು?”

“ಇಲ್ಲಿ ಜುಲೈದಾಗ ಮೊಣಕಾಲ ಮಟ ನೀರಿತ್ತರಿ. ಮುಂದ ನಡೀರಿ.”

ನೂರಕ್ಕೆ ಮತ್ತೆ ನಿಂತ. “ತಂಗಿ, ಹಿಂಗ ಹೋದ್ರ ಗುಡ್ಡ ದಾಟ್ತೀವಿ.”

“ದಾಟ್ರಿ,” ಅಂತ ಅವ್ವ ಮೆಟ್ಟಿಲ ಮೇಲಿಂದ ಕೂಗಿದಳು. “ಅತ್ತಾಗ ಯಾರ ಮನಿನೂ ಇಲ್ಲ.”

ಅವನು ಚೀಲವನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡ. ಮುನ್ನೂರ ಹತ್ತನೆಯ ಹೆಜ್ಜೆಗೆ ಸುಣ್ಣ ಸುರಿಸಿದೆ.