ತೊಡದೇವಿಗೆ ಬಂಡವಾಳ ಕೊಡದವರು

ಅವರು ನಮಗೆ ಬಂಡವಾಳ ಕೊಡಲಿಲ್ಲ, ಅದಕ್ಕೇ ನಾವು ಗೆದ್ದೆವು.

ಅವರು ಹೊಸ ಕಂಪನಿಗಳಿಗೆ ದುಡ್ಡು ಹಾಕಿ ಹಾಕಿ ಪಳಗಿದ ಒಬ್ಬ ಹೂಡಿಕೆದಾರರು. ಕನ್ನಡಕ ಹಣೆಗೇರಿಸಿ ಎಲ್ಲರನ್ನೂ ಕೇಳುತ್ತಿದ್ದುದು ಒಂದೇ: “ತಗೊಂಡವರು ಮತ್ತೆ ಬಂದ್ರಾ?”

ಯಲ್ಲಾಪುರದ ನಮ್ಮ ಹೆಂಗಸರ ಸಂಘದ ತೊಡದೇವು ಎಂಬ ಸಿಹಿತಿಂಡಿಗೆ ಯಾರೂ ಮತ್ತೆ ಬರುತ್ತಿರಲಿಲ್ಲ. ಸಂಘ ಮುಚ್ಚುವುದರಲ್ಲಿತ್ತು. ಹೆಚ್ಚು ತೊಡದೇವು ಮಾಡುವ ಮಷಿನ್ನಿಗೆ ನಾನು ಅವರ ಹತ್ತಿರ ದುಡ್ಡು ಕೇಳಿದೆ. ಅವರು ನಮ್ಮ ಒಂದು ಡಬ್ಬಿ ಹಿಡಿದು, ಅದು ಮಾರಾಟಕ್ಕೆ ಹೋಗುವ ಅಂಕೋಲೆ ಬಸ್ಸಿನಲ್ಲಿ ಅರಬೈಲ್ ಘಟ್ಟ ಇಳಿದು, ಹತ್ತಿ ಬಂದು, ಮುಚ್ಚಳ ತೆಗೆದರು. ಕಾಗದದಷ್ಟು ತೆಳ್ಳಗಿನ ಸಿಹಿಯೆಲ್ಲ ಪುಡಿ.

“ಮಷಿನ್ ತಂದರೆ ಪುಡಿ ಜಾಸ್ತಿಯಾಗ್ತದೆ, ಅಜ್ಜಿ.”

“ಹಂಗಾದ್ರೆ ಎಂತ ಮಾಡೋದು? ನಾನೇ ಡಬ್ಬಿಯೊಳಗೆ ಕೂತು ಹೋಗ್ಲಾ?”

“ಡಬ್ಬಿ ಬಿಡಿ. ಗಡಿಗೆ ತಗೊಂಡು ಹೋಗಿ.”

ಮರುದಿನ ಬೆಳಿಗ್ಗೆ ಅಂಕೋಲೆ ಬಸ್ಸು ಹತ್ತಿದೆ. ನಮ್ಮ ಡಬ್ಬಿ ಇಟ್ಟಿದ್ದ ಅಂಗಡಿ ಎದುರೇ ಒಲೆಯ ಮೇಲೆ ಗಡಿಗೆ ಬೋರಲು ಹಾಕಿ, ಹಿಟ್ಟು ಸವರಿ, ಬಿಸಿಬಿಸಿ ತೆಗೆದುಕೊಟ್ಟೆ. ಊಟದ ಹೊತ್ತಿಗೆ ಹಿಟ್ಟು ಮುಗಿಯಿತು, ನಿಂತವರ ಸಾಲು ಮುಗಿಯಲಿಲ್ಲ.